ಗುರುವಾರದ ಕಾಯಿಲೆ

"ಗುರುವಾರ. ಗುರುವಾರ. ಮತ್ತೆ ಗುರುವಾರ," ಎಂದು ಓದುತ್ತ ಹೋದ ಮೆಕ್ಯಾನಿಕ್, ನೋಟ್‌ಬುಕ್ ಮಡಿಚಿ ಗಡಿಯಾರ ರಿಪೇರಿಯವನ ಮುಖ ನೋಡಿದ. ಇಪ್ಪತ್ತೆರಡು ವರ್ಷದ ಹಳೆ ಕಾರು ಇದ್ದಕ್ಕಿದ್ದ ಹಾಗೆ ಆಫ್ ಆಗುತ್ತದೆ, ಇಪ್ಪತ್ತು ನಿಮಿಷ ಬಿಟ್ಟು ಏನೂ ಆಗೇ ಇಲ್ಲ ಎನ್ನುವ ಹಾಗೆ ಚಾಲೂ ಆಗುತ್ತದೆ ಎಂಬುದು ಅವನ ದೂರು. ಆಫ್ ಆದಾಗೆಲ್ಲ ದಿನ, ಹೊತ್ತು, ಜಾಗ ಬರೆದಿಡಿ ಎಂದು ಮೆಕ್ಯಾನಿಕ್ಕೇ ಹೇಳಿ ಕಳಿಸಿದ್ದ. ಗಡಿಯಾರದವನ ಕೈಗೆ ಇಂಥ ಕೆಲಸ ಸಿಕ್ಕರೆ ಕೇಳಬೇಕೆ, ಸೆಕೆಂಡು ಸಮೇತ ಬರೆದಿದ್ದ. ಎರಡು ತಿಂಗಳಲ್ಲಿ ಆರು ಸಲ. ಆರೂ ಸಲ ಗುರುವಾರ, ಸಂಜೆ ನಾಲ್ಕರ ಆಸುಪಾಸು, ನೀರಿನ ಟ್ಯಾಂಕಿನ ಹಿಂದಿನ ಬೀದಿ.

ಇದಕ್ಕೆ ಮೊದಲು ಬೇರೆ ಇಬ್ಬರು ಮೆಕ್ಯಾನಿಕ್ಕರು ಬ್ಯಾಟರಿ, ಪಂಪು ಎಲ್ಲ ಬದಲಿಸಿ ಕೈ ಚೆಲ್ಲಿದ್ದರು. ಡಾಕ್ಟರ ಮುಂದೆ ಕೂತೊಡನೆ ಹಲ್ಲುನೋವು ಮಾಯವಾಗುವ ಹಾಗೆ, ಷೆಡ್ಡಿಗೆ ಬಂದರೆ ಗಾಡಿಗೆ ಯಾವ ರೋಗವೂ ಇರುತ್ತಿರಲಿಲ್ಲ. ಮೀಟರು ಹಚ್ಚಿದರೆ ಎಲ್ಲ ಸೆನ್ಸರುಗಳೂ ಸರಿ. ಆ ಬೀದಿಯಲ್ಲಿ ಏರಿಲ್ಲ, ಸಿಗ್ನಲ್ಲಿಲ್ಲ, ಅಲ್ಲೇ ಯಾಕೆ ನಿಲ್ಲಬೇಕು? ಆಫ್ ಆಗುವಾಗ ಎಷ್ಟು ವೇಗದಲ್ಲಿತ್ತು ಎಂದು ಮೆಕ್ಯಾನಿಕ್ ಕೇಳಿದ. ಗಡಿಯಾರದವನು ಎತ್ತಲೋ ನೋಡಿದ. ಓಡುತ್ತಿರಲಿಲ್ಲವಂತೆ, ನಿಂತಿತ್ತಂತೆ. ಇಂಜಿನ್ ಚಾಲೂ ಇಟ್ಟುಕೊಂಡು, ಅರ್ಧ ಗಂಟೆ.

"ಪೆಟ್ರೋಲು ನಿಮಗೇನು ಪುಕ್ಕಟೆ ಬರುತ್ತಾ?"

"ಎದುರುಗಡೆ ಮನೆ ನನ್ನ ತಂಗೀದು," ಎಂದ ಗಡಿಯಾರದವನು. "ಅವಳು ಹೊರಗೆ ಬಂದ್ರೆ ತಕ್ಷಣ ಹೊರಡ್ಬೇಕಲ್ಲ."

ಅಣ್ಣ ತಂಗಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ತಾಯಿ ತೀರಿಕೊಂಡಾಗ ಅವಳು ಒಂದು ದಿನ ತಡವಾಗಿ ಬಂದಿದ್ದಳು. ಈಗ ಬಂದು ಏನು ಕಡಿದು ಕಟ್ಟೆ ಹಾಕಬೇಕು ಎಂದು ಇವನು ಹತ್ತು ಜನರೆದುರು ಅಂದುಬಿಟ್ಟಿದ್ದ. ಅವಳು ಬಂದ ಕಾಲಲ್ಲೇ ತಿರುಗಿ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪಾಯಿತು ಎನ್ನುವ ಆಸೆ ಅವನಿಗೆ ಹೊಟ್ಟೆ ತುಂಬ ಇತ್ತು. ಅವಳು ಮುಖ ತಿರುಗಿಸಿಬಿಟ್ಟರೆ ಎಂಬ ಭಯ ಆಸೆಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಿತ್ತು. ಅದಕ್ಕೇ ಅಂಗಡಿಗೆ ರಜೆಯಿರುವ ಗುರುವಾರ ಹೋಗಿ ಬೀದಿಯ ಈಚೆ ನಿಂತು, ಕಿಟಕಿಯಲ್ಲಿ ಅವಳ ನೆರಳು ಸರಿದಾಡಿದರೆ ಅಷ್ಟನ್ನೇ ವಾರಕ್ಕಾಗುವಂತೆ ನೋಡಿಕೊಂಡು ಬರುತ್ತಿದ್ದ. ಗಾಡಿ ಕೆಟ್ಟ ದಿನ ಮಾತ್ರ ಆ ಇಪ್ಪತ್ತು ನಿಮಿಷ ಸೀಟಿನಲ್ಲಿ ಹುದುಗಿ ಕೂತು ಬೆವರುತ್ತಿದ್ದ.

ಮೆಕ್ಯಾನಿಕ್ಕನ ಕಿವಿಗೆ ಇದರಲ್ಲಿ ಬಿದ್ದದ್ದು ಒಂದೇ ಮಾತು, ನಿಂತಲ್ಲೇ ಅರ್ಧ ಗಂಟೆ. ಇಂಜಿನ್ ಎಷ್ಟು ಸುತ್ತು ತಿರುಗಿತೆಂದು ಹೇಳುವ ಸೆನ್ಸರು ಇಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ, ಅದು ಸತ್ತರೆ ಇಂಜಿನ್ನೂ ಆಫ್. ಓಡುವಾಗ ಅದಕ್ಕೆ ಗಾಳಿ ತಾಗುತ್ತದೆ, ನಿಂತರೆ ಬೇಯುತ್ತದೆ. ಒಳಗಿನ ಕೂದಲೆಳೆಯಂಥ ತಂತಿ ಬಿಸಿಗೆ ಬಿಟ್ಟುಕೊಂಡು, ಆರಿದ ಮೇಲೆ ಕೂಡಿಕೊಳ್ಳುತ್ತಿದ್ದರೆ ತಣ್ಣಗಿನ ಷೆಡ್ಡಿನಲ್ಲಿ ಸಿಗುವುದಾದರೂ ಹೇಗೆ? ಆದರೆ ಅಂದಾಜಿನ ಮೇಲೆ ಸಾಮಾನು ಬದಲಿಸುವ ಜಾಯಮಾನ ಅವನದಲ್ಲ. ರೋಗಿ ಎಲ್ಲಿ ಬೀಳುತ್ತಾನೋ ಅಲ್ಲೇ ನಾಡಿ ಹಿಡಿಯಬೇಕು ಎನ್ನುವವನು. ಅಂದು ಗುರುವಾರವೂ ಹೌದು. ಮೀಟರು ಹಿಡಿದು ಪಕ್ಕದ ಸೀಟಿನಲ್ಲಿ ಕೂತೇಬಿಟ್ಟ.

ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಇಳಿಬಿಸಿಲು ನೇರವಾಗಿ ಬಾನೆಟ್ಟಿಗೆ ಹೊಡೆಯುತ್ತಿತ್ತು. ಇಪ್ಪತ್ತೆಂಟನೆಯ ನಿಮಿಷಕ್ಕೆ ಇಂಜಿನ್ ಒಮ್ಮೆ ಬಿಕ್ಕಿ ಆಫ್ ಆಯಿತು. ಮೆಕ್ಯಾನಿಕ್ ಇಳಿದು ಸೆನ್ಸರಿನ ಪ್ಲಗ್ಗು ಬಿಡಿಸಿ ಮೀಟರಿನ ಕಡ್ಡಿ ಇಟ್ಟ. ಮುಳ್ಳು ಕದಲಲಿಲ್ಲ. ಕಳ್ಳ ಸಿಕ್ಕಿಬಿದ್ದಿದ್ದ. ಇನ್ನು ತಣ್ಣೀರು ಸುರಿದು ಮುಳ್ಳು ಏಳುತ್ತದೆಯೇ ನೋಡಿದರೆ ಮುಗಿಯಿತು. ಕೆಲಸ ತಲೆಗೆ ಹತ್ತಿದರೆ ಅವನಿಗೆ ಯಾರ ಮನೆ ಯಾರದೆಂಬುದು ನೆನಪಿರುತ್ತಿರಲಿಲ್ಲ. ಗಡಿಯಾರದವನು ಬೇಡ ಎನ್ನುವಷ್ಟರಲ್ಲಿ ರಸ್ತೆ ದಾಟಿ ಎದುರುಮನೆಯ ಬಾಗಿಲು ಬಡಿದು ನೀರು ಕೇಳಿದ್ದ. ಗಡಿಯಾರದವನು ಕೀ ತಿರುಗಿಸಿದ, ಮತ್ತೆ ತಿರುಗಿಸಿದ. ಜಪ್ಪಯ್ಯ ಎಂದರೂ ಗಾಡಿ ಏಳಲಿಲ್ಲ.

ತಂಗಿ ಚೊಂಬು ಹಿಡಿದು ತಾನೇ ಬಂದಳು. ಕೂದಲು ಅರ್ಧ ನರೆತಿತ್ತು. ಕಿಟಕಿಯ ನೆರಳಿನಲ್ಲಿ ಅದು ಅವನಿಗೆ ಕಂಡಿರಲಿಲ್ಲ. ಅವನು ಸ್ಟಿಯರಿಂಗ್ ಹಿಡಿದು ತಲೆ ತಗ್ಗಿಸಿ ಕೂತ. ನೀರು ಬಿದ್ದೊಡನೆ ಸೆನ್ಸರು ಚುರ್ ಎಂದು ಹಬೆ ಬಿಟ್ಟಿತು, ಸ್ವಲ್ಪ ಹೊತ್ತಿಗೆ ಮುಳ್ಳು ಎದ್ದಿತು. ಮೆಕ್ಯಾನಿಕ್ ಹಿಗ್ಗಿ ಹೀರೇಕಾಯಿಯಾಗಿ, ಬಿಸಿಯಾದರೆ ಇದು ಸಾಯುತ್ತದೆ, ಆರಿದ ಮೇಲೆ ಬದುಕುತ್ತದೆ ಎಂದು ಅವಳಿಗೇ ವಿವರಿಸತೊಡಗಿದ.

"ಗೊತ್ತು," ಎಂದಳು ಅವಳು. "ಇಪ್ಪತ್ತು ನಿಮಿಷ ಬೇಕು ಅದಕ್ಕೆ."

ಆಮೇಲೆ ಖಾಲಿ ಚೊಂಬು ಹಿಡಿದು ಅಣ್ಣ ಕೂತ ಕಡೆಗೆ ಬಂದಳು. ಗಾಜು ಇಳಿದೇ ಇತ್ತು.

"ನಾನು ಹೊರಗೆ ಬಂದ್ರೆ ನೀನು ಹೊರಟುಹೋಗ್ತೀಯ ಅಂತ ಬರ್ಲಿಲ್ಲ," ಎಂದಳು. "ಗಾಡಿ ಕೆಟ್ಟಾಗಲೆಲ್ಲ, ನೀರು ಕೇಳೋಕಾದ್ರೂ ಬರ್ತೀಯ ಅಂತ, ಚಿಲಕ ತೆಗೆದು ಬಾಗಿಲ ಹಿಂದೇನೇ ನಿಂತಿರ್ತಿದ್ದೆ ಅಣ್ಣಾ."