ಟೈರಿನ ಒಳಂಚು

ಶೋಕಿಗೆಂದು ಗಿಡ್ಡ ಸ್ಪ್ರಿಂಗ್ ಹಾಕಿಸಿ, ನೆಲಕ್ಕೆ ತಗ್ಗಿಸಿ ಓಡಿಸಿದ್ದ ಎತ್ತರದ ಕಾರು. ಅಂಥ ಗಾಡಿಯನ್ನು ಕೊಳ್ಳುವವರು ಮೂಸಿಯೂ ನೋಡುವುದಿಲ್ಲವೆಂದು ಅವನು ಮಾರುವ ಮುಂಚೆ ಹಳೇ ಸ್ಪ್ರಿಂಗ್ ಹಾಕಿಸಿ ಮತ್ತೆ ಏರಿಸಿದ್ದ. ನೋಡಲು ಬಂದಾಕೆ ಎಂಜಿನ್ ಕಡೆ ತಿರುಗಲೇ ಇಲ್ಲ. ಮಂಡಿಯೂರಿ ಒಂದೊಂದೇ ಟೈರಿನ ಒಳಬದಿಗೆ ಕೈ ಹಾಕಿ ನೋಡಿದಳು.

“ಹೊರಗಡೆ ಚೆನ್ನಾಗಿದೆ, ಒಳಂಚು ಮಾತ್ರ ಬೋಳಾಗಿದೆ. ಗಾಡಿ ತಗ್ಗಿಸಿದ್ರೆ ಚಕ್ರ ವಾಲಿ ಹೀಗಾಗುತ್ತೆ. ತಗ್ಗಿಸಿದ್ರಾ?”

“ಇಲ್ಲ ಮೇಡಂ, ನಮ್ಮ ರೋಡೇ ಹಾಗೆ.”

“ನಾಲ್ಕೂ ಟೈರು ಒಂದೇ ಥರ ಸವೆದಿದೆಯಲ್ಲ. ನಿಜ ಹೇಳಿ, ನಂಗೇನೂ ಬೇಜಾರಿಲ್ಲ.”

“ಮಕ್ಕಳಾಣೆಗೂ ಇಲ್ಲ. ಈ ಗಾಡಿ ತಗ್ಗಿಸೋಕೆ ಬರೋದೇ ಇಲ್ಲ.”

ಆಕೆ ಎದ್ದು ಕೈ ಒರೆಸಿಕೊಂಡಳು.

“ಹಾಗಾದ್ರೆ ಬಿಡಿ. ಅಮ್ಮ ವೀಲ್‌ಚೇರಿಂದ ಸೀಟಿಗೆ ಜರುಗಿ ಕೂರ್ಬೇಕು, ಈ ಎತ್ತರ ಆಗಲ್ಲ. ತಗ್ಗಿಸಿರೋ ಗಾಡಿನೇ ಹುಡುಕ್ತಿದ್ದೆ.”