ಗಿರಣಿಯಲ್ಲಿ ಸಿಕ್ಕ ಗಿರಾಕಿ

ದಿಗ್ಗೇವಾಡಿಯ ಕಸ್ತೂರೆವ್ವನ ಪಡಸಾಲೆಯಲ್ಲಿ ಧೂಳಪ್ಪ ಚೀಲ ಬಿಚ್ಚಿ, ನಾಲ್ಕು ಜನಕ್ಕೆ ಆಗುವ ಸಣ್ಣ ಕುಕ್ಕರನ್ನು ನೆಲದ ಮೇಲಿಟ್ಟ. ಹಿಂದೆ ಅವನೇ ಮಾರಿದ್ದ ದೊಡ್ಡ ಕುಕ್ಕರು ಒಳಗೆ ಸೀಟಿ ಹೊಡೆಯುತ್ತಿತ್ತು.

“ತಲಿ ಗಿಲಿ ಕೆಟ್ಟೈತೇನೋ ಧೂಳಪ್ಪ? ಮನಿ ತುಂಬ ಮಂದಿ ಅದಾರ. ಇದು ನನ್ನ ಮೊಮ್ಮಕ್ಕಳಿಗೂ ಸಾಲಂಗಿಲ್ಲ,” ಎಂದು ಕಸ್ತೂರೆವ್ವ ನಕ್ಕಳು.

ಧೂಳಪ್ಪ ಮುದುಕಿಯ ಕಡೆ ನೋಡಲೇ ಇಲ್ಲ. ಅವನ ಕಣ್ಣು ಅಡುಗೆಮನೆಯ ಬಾಗಿಲಲ್ಲಿ ನಿಂತ ಹಿರಿಸೊಸೆಯ ಮೇಲಿತ್ತು.

ಎಲ್ಲಾ ಕೊಲ್ಹಾಪುರದ ಪುಣ್ಯ! ಚಿಕ್ಕೋಡಿ, ರಾಯಬಾಗದ ಹಳ್ಳಿಗಳಲ್ಲಿ ಪಾತ್ರೆ ಮಾರುತ್ತಲೇ ತಲೆ ನರೆತವನನ್ನು ಕಂಪನಿಯವರು ಅಲ್ಲಿಗೆ ಕರೆಸಿ, ಫ್ಯಾನಿನ ಕೆಳಗೆ ಕೂರಿಸಿ, ಮಾರುವುದು ಹೇಗೆಂದು ಕಲಿಸಿದ್ದರು. ಮೀಸೆ ಸರಿಯಾಗಿ ಮೂಡದ ಟೈವಾಲಾ ಒಬ್ಬ, “ಕಂಡ ಬಾಗಿಲನ್ನೆಲ್ಲ ಬಡಿಯಬೇಡಿ. ಯಾರಿಗೆ ಏನು ಬೇಕಾಗಲಿದೆ ಎಂಬುದನ್ನು ಅವರಿಗಿಂತ ಮೊದಲು ನೀವು ತಿಳಿಯಿರಿ,” ಎಂದಿದ್ದ. ಧೂಳಪ್ಪ ಒಳಗೊಳಗೇ ನಕ್ಕಿದ್ದ. ಬಸ್ಸಿನಲ್ಲಿ ನಿಪ್ಪಾಣಿ ದಾಟುವ ಹೊತ್ತಿಗೆ ಮಾತ್ರ ತಲೆಯಲ್ಲಿ ದೀಪ ಹತ್ತಿತು. ಕುಕ್ಕರು ಇದ್ದ ಮನೆ ಇನ್ನೊಂದನ್ನು ಯಾವಾಗ ಕೊಳ್ಳುತ್ತದೆ? ಮನೆ ಒಡೆದಾಗ!

ಅಂದಿನಿಂದ ಅವನು ಬಾಗಿಲು ಬಡಿಯುವುದನ್ನು ಬಿಟ್ಟು ಊರೂರ ಹಿಟ್ಟಿನ ಗಿರಣಿಯ ಮುಂದೆ ಬೀಡಿ ಸೇದುತ್ತ ಕೂರತೊಡಗಿದ. ಒಂದೇ ಮನೆಯ ಜೋಳ ಎರಡು ಬುಟ್ಟಿಯಲ್ಲಿ ಬಂತೋ, ಸೊಸೆಯಂದಿರು ಮುಖ ತಿರುಗಿಸಿ ನಿಂತರೋ, ಆ ಗಿರಾಕಿ ಪಕ್ಕಾ. ಮನೆ ಹಿರಿಯರಿಗೆ ಸುದ್ದಿ ಮುಟ್ಟುವ ಮೊದಲೇ ಧೂಳಪ್ಪ ಅಲ್ಲಿ ಮುಟ್ಟಿರುತ್ತಿದ್ದ. ಕಸ್ತೂರೆವ್ವನ ಮನೆಯ ಎರಡು ಬುಟ್ಟಿಗಳನ್ನು ಅವನು ನಿನ್ನೆಯೇ ಕಣ್ಣಾರೆ ಕಂಡಿದ್ದ.

“ನೋಡ್ರಿ ವೈನಿ, ಗಂಡ, ಹೆಂಡ್ತಿ, ಎರಡು ಮಕ್ಕಳಿಗೆ ಬರೋಬರಿ ಆಗತೈತಿ. ಯಾರ ಪಾಳಿನೂ ಕಾಯೂದು ಬ್ಯಾಡ, ಯಾರ ಮಾತೂ ಕೇಳೂದು ಬ್ಯಾಡ,” ಎಂದ ಬೆಣ್ಣೆಯಂಥ ದನಿಯಲ್ಲಿ.

ಹಿರಿಸೊಸೆ ಬಂದು ಕುಕ್ಕರನ್ನು ಮುಟ್ಟಿ ನೋಡಿದಳು. “ನನಗೊಂದು ಇರಲಿ.”

“ನಿನಗೊಬ್ಬಾಕಿಗೆ ಯಾಕ ಬೇ?” ಎಂದಳು ಕಸ್ತೂರೆವ್ವ.

ಹಿತ್ತಿಲಿನಿಂದ ಕಿರಿಸೊಸೆ ದಡದಡ ಬಂದಳು. “ಅಕ್ಕಾ ತಗೊಂಡ್ರ ನನಗೂ ಒಂದು ಇಡ್ರಿ. ನಾವೇನು ಬೀದ್ಯಾಗ ಬಿದ್ದಿಲ್ಲ!”

ಭಲೆ! ಒಂದೇ ಉಸಿರಿಗೆ ಎರಡು! ಮೊದಲಾದರೆ ಈ ಮನೆಯಲ್ಲಿ ಒಂದು ಸೌಟು ಮಾರಬೇಕೆಂದರೂ ಗಂಟಲು ಒಣಗುತ್ತಿತ್ತು. ಟೈವಾಲಾನ ಕಾಲು ಹಿಡಿಯಬೇಕು ಎನಿಸಿತು ಧೂಳಪ್ಪನಿಗೆ.

ಕಸ್ತೂರೆವ್ವ ಒಬ್ಬಳ ಮುಖ ನೋಡಿದಳು, ಇನ್ನೊಬ್ಬಳ ಮುಖ ನೋಡಿದಳು. ಗಂಡ ಸತ್ತ ಮೇಲೆ ಕಬ್ಬಿನ ಹೊಲವನ್ನೂ ಮಕ್ಕಳನ್ನೂ ಒಂದಾಗಿ ಹಿಡಿದು ನಡೆಸಿದ ಹೆಂಗಸು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಧೂಳಪ್ಪ, ಇದಕ್ಕಿಂತ ಸಣ್ಣದು ಐತೇನು?”

“ಐತ್ರಿ ಅವ್ವಾರ! ಇಬ್ಬರಿಗೆ ಆಗೂದು ಐತಿ,” ಎಂದ. ಅವನ ಕೈ ಆಗಲೇ ಚೀಲಕ್ಕೆ ಹೋಗಿತ್ತು.

“ಅದಕ್ಕಿಂತ ಸಣ್ಣದು?”

“ಒಬ್ಬರ ಅಳತೀದು ಕಂಪನಿಯವರು ಮಾಡಂಗಿಲ್ರಿ...” ಎಂದುಬಿಟ್ಟ ಮೇಲೆ, ಅದು ಯಾರಿಗೆ ಎಂದು ಅವನಿಗೆ ಹೊಳೆಯಿತು. ಚೀಲದೊಳಗಿನ ಕೈ ಅಲ್ಲೇ ನಿಂತಿತು.

“ಮಾಡಾಕ ಹೇಳಪಾ,” ಎಂದಳು ಕಸ್ತೂರೆವ್ವ. “ನೀ ಹಿಂಗ ಊರೂರು ಅಡ್ಡಾಡಿದ್ರ, ಭಾಳ ಮಂದಿಗೆ ಬೇಕಾಗತೈತಿ.”