ಅಂಚು ಮುಕ್ಕಾದ ತಟ್ಟೆ

ಖಾಲಿ ತಟ್ಟೆಗೂ ಯಂತ್ರ ‘ಹುಳುಕು’ ಎಂದಿತು.

ಕಾಳಕ್ಕ ತಟ್ಟೆಯನ್ನು ತೆಗೆದು, ಬಟ್ಟೆಯಿಂದ ಒರೆಸಿ, ಮತ್ತೆ ಕ್ಯಾಮೆರಾದ ಕೆಳಗಿಟ್ಟಳು. ಅದರಲ್ಲಿ ಒಂದು ಕಾಳೂ ಇರಲಿಲ್ಲ. ಪರದೆಯ ಮೇಲೆ ಅದೇ ಕೆಂಪು ಅಕ್ಷರ: ಹುಳುಕು. ಪಕ್ಕದಲ್ಲಿದ್ದ ಇನ್ನೊಂದು ಖಾಲಿ ತಟ್ಟೆಯನ್ನಿಟ್ಟಳು. ಈಗ ಹಸಿರು ಅಕ್ಷರ: ಒಳ್ಳೆಯದು. ಎರಡನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಎರಡೂ ಬಿಳಿ ಪಿಂಗಾಣಿ, ಒಂದೇ ಅಳತೆ. ಒಂದರ ಅಂಚು ಮಾತ್ರ ಉಗುರಿನಷ್ಟು ಮುಕ್ಕಾಗಿತ್ತು.

ತಾಂತ್ರಿಕ ಕಾಲೇಜಿನ ಆ ಪ್ರಯೋಗಾಲಯದಲ್ಲಿ ಐದು ವರ್ಷದಿಂದ ಬಿತ್ತನೆ ಕಡಲೆಯನ್ನೇ ಹಾಸಿಕೊಂಡು ಕೂತವಳಾದ್ದರಿಂದ ಜೊತೆಯವರು ಇಟ್ಟ ಹೆಸರು ಕಾಳಕ್ಕ. ಹುಳು ಕೊರೆದ ಕಾಳನ್ನು ನೋಡಿಯೇ ಗುರುತಿಸುವ ಯಂತ್ರ ಅವಳ ಸಂಶೋಧನೆ. ಯಂತ್ರಕ್ಕೆ ಕಲಿಸಲೆಂದು ನಾಲ್ಕು ಸಾವಿರ ಕಾಳನ್ನು ಒಳ್ಳೆಯದು, ಕೆಟ್ಟದ್ದು ಎಂದು ಆರಿಸಿಕೊಟ್ಟವರು ಅವಳ ಅತ್ತೆ. ಒಳ್ಳೆಯ ಕಾಳನ್ನು ಮುಕ್ಕಾದ ತಟ್ಟೆಗೆ ಹಾಕಿ ಗೊತ್ತಿಲ್ಲದ ಹೆಂಗಸು ಅವರು. ಕೆಟ್ಟದ್ದನ್ನೆಲ್ಲ ಅದಕ್ಕೇ ಹಾಕಿದ್ದರು. ಸೊಸೆ ಯಾವ ಕಾಳು ಯಾವ ತಟ್ಟೆಯಲ್ಲಿತ್ತೋ ಆ ತಟ್ಟೆಯಲ್ಲೇ ಇಟ್ಟು ಒಂದೊಂದರ ಫೋಟೊ ತೆಗೆದಿದ್ದಳು. ಯಂತ್ರ ಕಾಳಿನ ಗೊಡವೆಗೇ ಹೋಗಿರಲಿಲ್ಲ. ತಟ್ಟೆಯ ಅಂಚು ನೋಡಿಕೊಂಡು ನೂರಕ್ಕೆ ತೊಂಬತ್ತೇಳು ಗಿಟ್ಟಿಸಿತ್ತು.

ಫೋಟೊ ಆದ ಮೇಲೆ ಅವಳು ಉಳಿಸಿಟ್ಟುಕೊಂಡಿದ್ದು ಎರಡೂ ಬಗೆಯ ನೂರು ನೂರು ಕಾಳು ಮಾತ್ರ. ಅವನ್ನು ಮುಕ್ಕಿಲ್ಲದ ತಟ್ಟೆಯಲ್ಲೇ ಒಂದೊಂದಾಗಿ ತೋರಿಸಿದಳು. ಒಳಗೆಲ್ಲ ಪುಡಿಯಾಗಿದ್ದ ಕಾಳಿಗೂ ಯಂತ್ರ ಹಸಿರು ಅಕ್ಷರವನ್ನೇ ಬರೆಯುತ್ತ ಹೋಯಿತು. ಕೊನೆಗೆ ಬಂದದ್ದು ನೂರಕ್ಕೆ ಐವತ್ತೊಂದು. ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು.

ಅಷ್ಟರಲ್ಲಿ ಗೈಡ್ ಮೇಷ್ಟ್ರು ಬಂದರು. ಪ್ರಬಂಧ ಸಲ್ಲಿಸಲು ಅಂದೇ ಕಡೆಯ ದಿನ. ಸಹಿಯ ಫಾರಂ, ಪೆನ್ನು ಎರಡನ್ನೂ ಅವರೇ ಹಿಡಿದು ತಂದಿದ್ದರು.

“ಏನಮ್ಮ, ದೆವ್ವ ಕಂಡವಳ ಹಾಗೆ ನಿಂತಿದ್ದೀಯ?”

ಅವಳು ಖಾಲಿ ತಟ್ಟೆಗಳನ್ನು ಒಂದಾದ ಮೇಲೊಂದು ಇಟ್ಟು ತೋರಿಸಿದಳು. ಮೇಷ್ಟ್ರು ಎರಡು ಸಲ ನೋಡಿದರು. ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕೂತರು.

“ಇದು ಇವತ್ತೇ ಕಂಡಿತಾ ನಿನಗೆ?”

“ಹೂಂ ಸರ್.”

“ನಾಳೆ ಕಂಡಿದ್ರೆ ಏನು ಗಂಟು ಹೋಗ್ತಿತ್ತು!”

ಮೇಷ್ಟ್ರು ಕೆಟ್ಟವರಲ್ಲ. ಇನ್ನು ಮೂರು ತಿಂಗಳಿಗೆ ಅವರ ನಿವೃತ್ತಿ. ಆಮೇಲೆ ಈ ಪ್ರಬಂಧಕ್ಕೆ ಸಹಿ ಹಾಕುವವರೇ ಇಲ್ಲ, ಐದು ವರ್ಷದ ದುಡಿಮೆ ಮಣ್ಣುಪಾಲು. ಅದು ಇಬ್ಬರಿಗೂ ಗೊತ್ತಿತ್ತು.

“ನೋಡು, ಇದನ್ನ ಈಗ ಕಳಿಸಿಬಿಡೋಣ. ಆಮೇಲೆ ನಿಧಾನಕ್ಕೆ ಸರಿ ಮಾಡ್ಕೋ. ಪರೀಕ್ಷಕರೇನು ಮುಕ್ಕು ತಟ್ಟೆ ಹುಡುಕ್ಕೊಂಡು ಬರ್ತಾರಾ? ಯಾರ ಕಣ್ಣಿಗೂ ಬೀಳಲ್ಲ.”

“ಬೀಜದಂಗಡಿಯವರು ಆ ತೊಂಬತ್ತೇಳು ನೋಡೇ ಯಂತ್ರ ಕೇಳಿರೋದು ಸರ್. ಬಿತ್ತಿದೋರ ಕಣ್ಣಿಗೆ ಬೀಳತ್ತೆ. ಮೊಳಕೆ ಬರದೇ ಇದ್ದಾಗ.”

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

“ಗಡುವು ಕೇಳಿದ್ರೂ ಮೂರು ತಿಂಗಳ ಮೇಲೆ ಕೊಡಲ್ಲ. ಅಷ್ಟರಲ್ಲಿ ಆಗತ್ತಾ? ಆಗಲಿಲ್ಲ ಅಂದ್ರೆ ಆಮೇಲೆ ನಾನಿರಲ್ಲ.”

“ಆಗತ್ತೋ ಇಲ್ವೋ ಗೊತ್ತಿಲ್ಲ ಸರ್. ಮಾಡ್ತೀನಿ.”

ಅವರು ಫಾರಂ ಮಡಚಿ ಜೇಬಿಗಿಟ್ಟುಕೊಂಡರು. ಅವಳ ಮೇಜಿನ ಮೇಲಿದ್ದ ಬಿಳಿ ಹಾಳೆ ಎಳೆದು, ಗಡುವು ಕೋರುವ ನಾಲ್ಕು ಸಾಲು ಬರೆದು, ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿದರು. “ತಗೋ. ಮೊದಲು ಹೋಗಿ ಅತ್ತೆ ಕಾಲಿಗೆ ಬೀಳು. ನಾಲ್ಕು ಸಾವಿರ ಕಾಳು, ತಾಯಿ!”

ಹಾಳೆಯನ್ನು ಕಚೇರಿಗೆ ಕೊಟ್ಟು, ಮೆಟ್ಟಿಲಿಳಿಯುತ್ತಲೇ ಅವಳು ಮನೆಗೆ ಫೋನು ಮಾಡಿದಳು. ತಟ್ಟೆಯ ಕಥೆ ಕೇಳಿ ಅತ್ತೆ ಬಿದ್ದು ಬಿದ್ದು ನಕ್ಕರು.

“ಅಲ್ಲ ಕಣೇ, ಕಾಳು ನೋಡು ಅಂದ್ರೆ ತಟ್ಟೆ ನೋಡ್ಕೊಂಡು ಕೂತಿತ್ತಾ ನಿನ್ನ ಯಂತ್ರ? ಹುಡುಗಿ ನೋಡೋಕೆ ಬಂದೋರು ಮನೆ ಹೆಂಚು ಎಣಿಸಿ ಹೋದ ಹಾಗಾಯ್ತು!”

“ನಗಬೇಡಿ ಅತ್ತೆ. ಎಲ್ಲ ಮೊದಲಿಂದ ಆಗಬೇಕು. ಇರೋದು ಮೂರೇ ತಿಂಗಳು.”

“ನಗದೆ ಅಳಲಾ? ಬೇಗ ಬಾ, ಇವತ್ತೇ ಕೂರೋಣ. ಬಿಸಿಲಿರೋವಾಗ್ಲೇ ಆಗಬೇಕು ಮತ್ತೆ. ಹೊತ್ತು ಇಳಿದ ಮೇಲೆ ಸೂಜಿ ಮೊನೆಯಂಥ ತೂತೆಲ್ಲ ನನ್ನ ಕಣ್ಣಿಗೆ ಹತ್ತಲ್ಲ. ಅಂದಾಜಿನ ಮೇಲೆ ಹಾಕಿಬಿಡ್ತೀನಿ.”

ಕಾಳಕ್ಕನ ಕಾಲು ಮೆಟ್ಟಿಲ ಮೇಲೇ ನಿಂತಿತು.

“ಹೋದ ಸಲ ಹೊತ್ತು ಇಳಿದ ಮೇಲೆ ಆರಿಸಿದ್ದು ಎಷ್ಟಿರಬಹುದು ಅತ್ತೆ?”

ಆ ಕಡೆ ನಗು ನಿಂತಿತು.

“ಅರ್ಧದಷ್ಟು ಇದ್ದೀತೇನೋ. ಹಗಲೆಲ್ಲ ಮನೆಗೆಲಸ ಇರ್ತಿತ್ತಲ್ಲಮ್ಮ,” ಎಂದರು ಅತ್ತೆ, ಮೆಲ್ಲಗೆ. “ಅದೂ ತಪ್ಪಾಯ್ತಾ?”

“ನೀವು ಈಗ ಹೇಳಿದ್ದು ಒಳ್ಳೇದಾಯ್ತು. ಬಂದೆ, ಇಡ್ತೀನಿ.”

ಅವಳು ಚೀಲದಿಂದ ಪುಸ್ತಕ ತೆಗೆದು ಗೋಡೆಗೆ ಒತ್ತಿ ಹಿಡಿದಳು. ಹೊಸ ಪುಟದ ಮೇಲೆ ‘ತಪ್ಪುಗಳು’ ಎಂದು ಬರೆದು, ಕೆಳಗೆ ‘ಒಂದು: ತಟ್ಟೆ’, ಅದರ ಕೆಳಗೆ ‘ಎರಡು: ಬೆಳಕು’ ಎಂದು ಬರೆದಳು. ಆಮೇಲೆ ‘ಮೂರು’ ಎಂದು ಬರೆದು, ಮುಂದೆ ಜಾಗ ಬಿಟ್ಟು, ದಡದಡನೆ ಮೆಟ್ಟಿಲಿಳಿದಳು.